ಹಿಮದ ಘಾಟಿಗೆ ಸ್ಪೋರ್ಟ್ಸ್ ಕಾರು: ಟೈರಿನಿಂದ ಡಿಕ್ಕಿಯವರೆಗೆ ಪೂರ್ತಿ ತಯಾರಿ

ಸ್ಪೋರ್ಟ್ಸ್ ಕಾರು ಹಿಮದಲ್ಲಿ ಜಾರಿದರೆ ನೋಡಿದವರು ಬೈಯುವುದು ಎಂಜಿನ್ನನ್ನು. ಅಷ್ಟೊಂದು ಪವರ್ ಇದ್ದರೆ ಜಾರದೆ ಇನ್ನೇನು ಅನ್ನುತ್ತಾರೆ. ಆದರೆ ಪವರ್ ನಿಮ್ಮ ಬಲಗಾಲಿನ ಹಿಡಿತದಲ್ಲಿದೆ, ಬೇಡವೆಂದರೆ ಬಳಸಬೇಕಾಗಿಲ್ಲ. ನಿಜವಾಗಿ ಕಾಡುವುದು ಎರಡು ಸಂಗತಿ: ಬೇಸಿಗೆಗೆಂದು ಮಾಡಿದ ಟೈರು, ನೆಲಕ್ಕೆ ತೀರಾ ಹತ್ತಿರವಿರುವ ಕಾರಿನ ಹೊಟ್ಟೆ. ಟೈರನ್ನು ಬದಲಿಸಬಹುದು. ಎತ್ತರವನ್ನು ಹೆಚ್ಚೇನೂ ಬದಲಿಸಲು ಆಗುವುದಿಲ್ಲ, ಅದರ ಮಿತಿ ತಿಳಿದು ಓಡಿಸಬೇಕು. ಬ್ಯಾಟರಿ, ಆಯಿಲ್, ಬಾಗಿಲಿನ ರಬ್ಬರ್ ಎಲ್ಲವೂ ಇವೆರಡರ ನಂತರ.

ಹಿಮ ಬೀಳಲು ಶುರುವಾದ ಮೇಲೆ ತಯಾರಿಗೆ ಕೂತರೆ ನಿಮಗೆ ಬೇಕಾದ ಅಳತೆಯ ಟೈರು ಸಿಗುವುದು ಕಷ್ಟ. ಸ್ಪೋರ್ಟ್ಸ್ ಕಾರಿನ ಅಳತೆಗಳು ಮೊದಲೇ ಅಪರೂಪ. ಒಂದೂವರೆ ತಿಂಗಳು ಮುಂಚೆ ಹುಡುಕಲು ಶುರು ಮಾಡಿ.

ಹಂತ 1: ಟೈರು

ಈ ಕಾರುಗಳ ಜೊತೆ ಬರುವ ಟೈರಿನ ರಬ್ಬರನ್ನು ಬಿಸಿ ರಸ್ತೆಗೆಂದೇ ಹದ ಮಾಡಿರುತ್ತಾರೆ. ಹವೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಗಟ್ಟಿಯಾಗತೊಡಗುತ್ತದೆ. ರಸ್ತೆಯ ಸಣ್ಣ ಉಬ್ಬುತಗ್ಗಿಗೆ ಹೊಂದಿಕೊಂಡು ಹಿಡಿಯುವ ಗುಣ ಹೋಗುತ್ತದೆ. ಇದಕ್ಕೆ ಹಿಮ ಇರಲೇಬೇಕೆಂದಿಲ್ಲ, ಒಣ ರಸ್ತೆಯಲ್ಲೂ ಹಿಡಿತ ಕಡಿಮೆಯಾಗುತ್ತದೆ. ರೇಸ್ ಟ್ರ್ಯಾಕಿಗೆ ಹೊಂದುವ, ಟ್ರೆಡ್ (ಟೈರಿನ ಮೇಲ್ಮೈಯ ಅಚ್ಚು) ತೀರಾ ಕಡಿಮೆ ಇರುವ ಟೈರುಗಳ ಕಥೆ ಇನ್ನೂ ಕಷ್ಟ. ಕಡು ಚಳಿಯಲ್ಲಿ ಗಾಡಿಯನ್ನು ಸುಮ್ನೆ ಹಿಂದೆ ಮುಂದೆ ಸರಿಸಿದರೂ ಅವು ಬಿರುಕು ಬಿಡಬಹುದು. ಮೈನಸ್ 7 ಡಿಗ್ರಿಗಿಂತ ಕೆಳಗೆ ಇಂಥ ಟೈರಿನಲ್ಲಿ ಓಡಿಸಬೇಡಿ ಎಂದು ಕೆಲವು ಕಾರು ಕಂಪನಿಗಳು ಕೈಪಿಡಿಯಲ್ಲೇ ಬರೆದಿರುತ್ತವೆ.

ಚಳಿಗಾಲದ ಟೈರಿನ ರಬ್ಬರ್ ಚಳಿಯಲ್ಲೂ ಮೆತ್ತಗೇ ಇರುತ್ತದೆ. ಟ್ರೆಡ್ಡಿನ ಒಂದೊಂದು ಬ್ಲಾಕಿನ ಮೇಲೂ ಸಣ್ಣ ಸಣ್ಣ ಸೀಳುಗಳಿರುತ್ತವೆ. ಅವು ಬಾಗಿದಾಗ ಅಂಚುಗಳು ಹಿಮವನ್ನು ಕಚ್ಚುತ್ತವೆ. ಟ್ರೆಡ್ಡಿನ ಸಂದಿಯಲ್ಲಿ ಹಿಮ ತುಂಬಿಕೊಳ್ಳುವುದೂ ಒಳ್ಳೆಯದೇ. ಹಿಮಕ್ಕೆ ರಬ್ಬರಿಗಿಂತ ಹಿಮವೇ ಚೆನ್ನಾಗಿ ಅಂಟುತ್ತದೆ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಒಂದು ಗುರುತನ್ನು ಹುಡುಕಿ: ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು. ನಿಗದಿಯಾದ ಹಿಮ ಪರೀಕ್ಷೆಯಲ್ಲಿ ಪಾಸಾದ ಟೈರಿಗೆ ಮಾತ್ರ ಈ ಗುರುತು ಸಿಗುತ್ತದೆ. ಬರೀ ‘ಎಂ ಪ್ಲಸ್ ಎಸ್’ (ಕೆಸರು ಮತ್ತು ಹಿಮ) ಎಂದಿದ್ದರೆ ಅದು ತಯಾರಕರು ತಾವೇ ಹಾಕಿಕೊಂಡ ಗುರುತು, ಪರೀಕ್ಷೆಯ ಖಾತ್ರಿ ಇಲ್ಲ. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಬೆಟ್ಟದ ಗುರುತಿಲ್ಲದ ಟೈರನ್ನು ಚಳಿಗಾಲದ ಟೈರೆಂದು ಒಪ್ಪುವುದಿಲ್ಲ. ಗಡಿ ದಾಟಿ ಹೋಗುವುದಾದರೆ ಆಯಾ ದೇಶದ ನಿಯಮ ನೋಡಿಕೊಳ್ಳಿ.

ಆಲ್ ಸೀಸನ್ ಟೈರು ಸಾಕಲ್ವಾ ಎಂದು ಕೇಳುವವರಿದ್ದಾರೆ. ವರ್ಷಕ್ಕೊಮ್ಮೆ ಹಿಮ ಕಾಣುವ ಬಯಲು ಊರಿಗೆ ಸಾಕು. ಹೇರ್‌ಪಿನ್ ತಿರುವುಗಳ ಇಳಿಜಾರಿಗೆ ನಾನು ಅದನ್ನು ಹೇಳುವುದಿಲ್ಲ. ಹಾಗೆಯೇ ದುಡ್ಡು ಉಳಿಸಲು ಡ್ರೈವ್ ಇರುವ, ಅಂದರೆ ಎಂಜಿನ್ ತಿರುಗಿಸುವ, ಎರಡು ಚಕ್ರಕ್ಕೆ ಮಾತ್ರ ಚಳಿಗಾಲದ ಟೈರು ಹಾಕುವುದು ಬೇಡವೇ ಬೇಡ. ಹಿಂದಿನ ಚಕ್ರ ಹಿಡಿದು ಮುಂದಿನದು ಹಿಡಿಯದಿದ್ದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೆಟ್ಟಗೆ ಹೋಗುತ್ತದೆ. ಅದು ತಿರುಗುಮುರುಗಾದರೆ ಬ್ರೇಕ್ ಒತ್ತಿದ ತಕ್ಷಣ ಹಿಂಭಾಗ ಮುಂದಕ್ಕೆ ಬರುತ್ತದೆ. ನಾಲ್ಕೂ ಒಂದೇ ಮಾದರಿಯದಾಗಿರಲಿ.

ಹಳೆಯ ಚಳಿಗಾಲದ ಟೈರು ಮನೆಯಲ್ಲೇ ಇದ್ದರೆ ಟ್ರೆಡ್ ಅಳೆಯಿರಿ. 4 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಹಿಮಕ್ಕೆ ನಂಬಬೇಡಿ. ಆಸ್ಟ್ರಿಯಾದಲ್ಲಿ ಚಳಿಗಾಲಕ್ಕೆ ಇದೇ ಕಾನೂನಿನ ಮಿತಿ. ವಯಸ್ಸನ್ನೂ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2322 ಎಂದಿದ್ದರೆ 2022ರ 23ನೇ ವಾರದಲ್ಲಿ ಮಾಡಿದ್ದು. ಟ್ರೆಡ್ ಚೆನ್ನಾಗಿದ್ದರೂ ರಬ್ಬರ್ ಹಳತಾದರೆ ಗಟ್ಟಿಯಾಗುತ್ತದೆ, ಆಗ ಚಳಿಗಾಲದ ಟೈರು ಹಾಕಿದ್ದಕ್ಕೆ ಅರ್ಥವೇ ಇಲ್ಲ.

ಹಂತ 2: ರಿಮ್ ಮತ್ತು ಅಳತೆ

ಚಳಿಗಾಲಕ್ಕೆ ಬೇರೆಯೇ ರಿಮ್ ಸೆಟ್ ಇಟ್ಟುಕೊಳ್ಳುವುದು ಮೊದಲಿಗೆ ದುಬಾರಿ ಅನಿಸುತ್ತದೆ. ಪ್ರತಿ ವರ್ಷ ಎರಡು ಸಲ ಟೈರು ಬಿಚ್ಚಿ ಹಾಕಿಸುವ ಖರ್ಚು, ಆಗ ರಿಮ್ಮಿಗೆ ಬೀಳುವ ಗೀರು ಲೆಕ್ಕ ಹಾಕಿದರೆ ಅದೇ ಲಾಭ. ಇನ್ನೊಂದು ದೊಡ್ಡ ಅನುಕೂಲವೂ ಇದೆ: ಅಳತೆ ಬದಲಿಸಬಹುದು.

20 ಇಂಚಿನ ರಿಮ್ ಇದ್ದರೆ 19ಕ್ಕೋ 18ಕ್ಕೋ ಇಳಿಯಿರಿ, ಟೈರಿನ ಅಗಲವನ್ನೂ ಕಡಿಮೆ ಮಾಡಿ. ಅಗಲವಾದ ಟೈರು ಅರ್ಧ ಕರಗಿದ ಹಿಮದ ಮೇಲೆ ತೇಲುತ್ತದೆ. ಕಿರಿದಾದದ್ದು ಅದನ್ನು ಸೀಳಿಕೊಂಡು ಕೆಳಗಿನ ರಸ್ತೆಗೆ ತಾಗುತ್ತದೆ. ರಿಮ್ ಚಿಕ್ಕದಾದಷ್ಟೂ ಟೈರಿನ ಪಕ್ಕದ ಗೋಡೆ ಎತ್ತರವಾಗುತ್ತದೆ. ಹಿಮದಡಿ ಅಡಗಿದ ಗುಂಡಿಗೆ ಬಿದ್ದಾಗ ರಿಮ್ ಉಳಿಸುವುದು ಅದೇ.

ಎಷ್ಟು ಚಿಕ್ಕದಕ್ಕೆ ಹೋಗಬಹುದು ಎಂಬುದನ್ನು ನಿರ್ಧರಿಸುವುದು ಬ್ರೇಕ್ ಕ್ಯಾಲಿಪರ್, ಅಂದರೆ ಡಿಸ್ಕನ್ನು ಅಮುಕಿ ಹಿಡಿಯುವ ಭಾಗ. ದೊಡ್ಡ ಕ್ಯಾಲಿಪರ್ ಇದ್ದರೆ ಚಿಕ್ಕ ರಿಮ್ ಅದಕ್ಕೆ ಉಜ್ಜುತ್ತದೆ. ಕಾರಿನ ಕೈಪಿಡಿಯಲ್ಲಿ ಚಳಿಗಾಲಕ್ಕೆ ಒಪ್ಪಿತವಾದ ಅಳತೆಗಳ ಪಟ್ಟಿ ಇರುತ್ತದೆ. ಅದನ್ನೇ ಹಿಡಿಯಿರಿ. ರಿಮ್ ಬದಲಾದರೂ ಟೈರು ಸೇರಿದ ಒಟ್ಟು ಸುತ್ತಳತೆ ಮೊದಲಿನಷ್ಟೇ ಇರಬೇಕು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಕಾರು ಅಡ್ಡ ಜಾರದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್ ಎರಡೂ ಚಕ್ರದ ವೇಗವನ್ನು ನಂಬಿಯೇ ಕೆಲಸ ಮಾಡುತ್ತವೆ. ನಾಲ್ಕೂ ಚಕ್ರಕ್ಕೆ ಡ್ರೈವ್ ಇರುವ ಕಾರಿನಲ್ಲಿ ಮುಂದಿನ ಹಿಂದಿನ ಸುತ್ತಳತೆಯ ಹೊಂದಾಣಿಕೆ ತಪ್ಪಿದರೆ ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ನಡುವಿನ ಡಿಫರೆನ್ಷಿಯಲ್ ಅಥವಾ ಕ್ಲಚ್ ಸವೆಯುತ್ತದೆ. ಅಲ್ಲಿ ಎರಡು ಹೊಸದು ಎರಡು ಹಳೆಯದು ಎಂಬ ಹೊಂದಾಣಿಕೆಯೂ ನಡೆಯುವುದಿಲ್ಲ.

ರಿಮ್ ಸರಳವಾಗಿರಲಿ, ಪೂರ್ತಿ ಬಣ್ಣ ಬಳಿದಿರಲಿ. ಮೇಲ್ಮೈ ಕಡೆದು ಹೊಳಪು ಕೊಟ್ಟ ರಿಮ್ಮಿನ ಲ್ಯಾಕರ್ ಒಂದು ಕಲ್ಲು ತಾಗಿ ಎದ್ದರೆ ಉಪ್ಪು ಒಳಗೆ ಹೊಕ್ಕು ಬಿಳಿ ಗೆರೆಗಳು ಹರಡುತ್ತವೆ. ಮೆಗ್ನೀಸಿಯಂ ರಿಮ್ ಇದ್ದರೆ ಚಳಿಗಾಲ ಪೂರ್ತಿ ಮನೆಯಲ್ಲೇ ಬಿಡಿ. ನಡುವೆ ಒಂದೇ ದೊಡ್ಡ ನಟ್ ಇರುವ ಚಕ್ರಗಳದ್ದು ಬೇರೆಯೇ ತಲೆನೋವು. ಕೆಲವು ಪೋರ್ಷೆ ಮಾದರಿಗಳಲ್ಲಿ ಅದನ್ನು 600 ನ್ಯೂಟನ್ ಮೀಟರ್ ಬಲದಿಂದ ಬಿಗಿಯಬೇಕು. ರಸ್ತೆ ಬದಿಯಲ್ಲಿ, ಚಳಿಯಲ್ಲಿ, ಕೈಯಲ್ಲಿರುವ ಪಾನಾದಿಂದ ಅದು ಆಗದ ಮಾತು. ಸಾಮಾನ್ಯ ಬೋಲ್ಟಿನ ಚಕ್ರವಾದರೆ ಹಾಕಿಸಿ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ಪಾನಾದಿಂದ ಇನ್ನೊಮ್ಮೆ ನೋಡಿ.

ಟೈರಿನ ವೇಗದ ಅಕ್ಷರವನ್ನೂ ಗಮನಿಸಿ. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್, ವಿ ಎಂದರೆ 240. ನಿಮ್ಮ ಕಾರು ಅದಕ್ಕಿಂತ ವೇಗವಾಗಿ ಓಡಬಲ್ಲದಾದರೆ ಮಿತಿ ನೆನಪಿಸುವ ಚೀಟಿಯೊಂದನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಬೇಕೆಂಬ ನಿಯಮ ಯುರೋಪಿನ ಹಲವು ಕಡೆ ಇದೆ. ಹೊಸ ಟೈರಿನಲ್ಲಿ ಮೊದಲ ಮುನ್ನೂರು ಕಿಲೋಮೀಟರ್ ಹಗುರವಾಗಿ ಓಡಿಸಿ. ಆ ಓಟ ಬೆಟ್ಟ ಹತ್ತುವ ಮುಂಚೆಯೇ ಮುಗಿದಿರಲಿ.

ಗಾಳಿ ನೋಡುವ ಲೆಕ್ಕ

20 ಡಿಗ್ರಿ ಇರುವ ಬೆಚ್ಚಗಿನ ಗ್ಯಾರೇಜಿನಲ್ಲಿ 33 ಪಿಎಸ್‌ಐ ಹೊಡೆದು ಮೈನಸ್ 10ರ ಹೊರಗೆ ನಿಲ್ಲಿಸಿದರೆ ಸುಮಾರು 5 ಪಿಎಸ್‌ಐ ಇಳಿದಿರುತ್ತದೆ. ಟೈರು ಸೋರಿಲ್ಲ, ಒಳಗಿನ ಗಾಳಿ ಕುಗ್ಗಿದೆ ಅಷ್ಟೆ.

ಬೆಟ್ಟ ಹತ್ತುವಾಗ ಇದಕ್ಕೆ ಇನ್ನೊಂದು ಸೇರುತ್ತದೆ. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಹಾಗಾಗಿ ಗೇಜಿನಲ್ಲಿ ಅಂಕಿ ಏರುತ್ತದೆ. ಸಾವಿರ ಮೀಟರಿಗೆ ಒಂದೂವರೆ ಪಿಎಸ್‌ಐ ಆಸುಪಾಸು. ಅದೇ ಸಾವಿರ ಮೀಟರಿಗೆ ಹವೆ ಸುಮಾರು ಆರೂವರೆ ಡಿಗ್ರಿ ತಣ್ಣಗಾಗಿ ಒಂದು ಪಿಎಸ್‌ಐ ಇಳಿಸುತ್ತದೆ. ಎರಡೂ ಹೆಚ್ಚುಕಡಿಮೆ ಸರಿದೂಗುತ್ತವೆ. ಇದನ್ನೆಲ್ಲ ತಲೆಯಲ್ಲಿ ಲೆಕ್ಕ ಹಾಕುತ್ತಾ ಕೂರಬೇಡಿ. ಬೆಟ್ಟದ ಮೇಲೆ ರಾತ್ರಿ ತಂಗಿದ ಕಡೆ, ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಅಳೆದು ಕೈಪಿಡಿಯ ಅಂಕಿಗೆ ತನ್ನಿ. ಒಂದು ಚಿಕ್ಕ ಗೇಜ್, ಒಂದು 12 ವೋಲ್ಟ್ ಪಂಪ್ ಜೊತೆಗಿದ್ದರೆ ಸಾಕು. ಹಿಮದಲ್ಲಿ ಹಿಡಿತ ಸಿಗಲಿ ಎಂದು ಗಾಳಿ ಇಳಿಸುವ ಸಲಹೆ ಮರಳಿನ ದಾರಿಗೆ ಹೇಳಿದ್ದು, ಇಲ್ಲಿ ಬೇಡ.

ಹಂತ 3: ಚೈನ್

ಚಳಿಗಾಲದ ಟೈರು ಇದ್ದರೂ ಕೆಲವು ಘಾಟಿಗಳಲ್ಲಿ ಟೈರಿಗೆ ಚೈನ್ ಸುತ್ತುವುದು ಕಡ್ಡಾಯ ಎಂಬ ಬೋರ್ಡ್ ಬರುತ್ತದೆ. ಸ್ಪೋರ್ಟ್ಸ್ ಕಾರಿನವರು ಎಡವುವುದು ಇಲ್ಲೇ. ಚಕ್ರ ಮತ್ತು ಸಸ್ಪೆನ್ಷನ್ ನಡುವೆ ಬೆರಳು ಹೋಗುವಷ್ಟೂ ಜಾಗ ಇರುವುದಿಲ್ಲ. ಅಗಲವಾದ ಟೈರಿಗೆ ದಪ್ಪ ಚೈನ್ ಸುತ್ತಿದರೆ ಅದು ಬ್ರೇಕ್ ಪೈಪನ್ನೋ ಶಾಕ್ ಅಬ್ಸಾರ್ಬರನ್ನೋ ಹರಿಯುತ್ತದೆ. ಯಾವ ಅಳತೆಯ ಟೈರಿಗೆ, ಯಾವ ಚಕ್ರಕ್ಕೆ, ಎಷ್ಟು ದಪ್ಪದ ಚೈನ್ ಎಂದು ಕೈಪಿಡಿಯಲ್ಲಿ ಇರುತ್ತದೆ. ಎಷ್ಟೋ ಕಾರುಗಳಲ್ಲಿ ಚಳಿಗಾಲದ ಕಿರಿದಾದ ಟೈರಿಗೆ ಮಾತ್ರ ಚೈನ್‌ಗೆ ಒಪ್ಪಿಗೆ. ಎರಡನೇ ಹಂತದಲ್ಲಿ ಕಿರಿದಾದ ಟೈರು ಹಾಕಿ ಎಂದಿದ್ದಕ್ಕೆ ಇದೂ ಒಂದು ಕಾರಣ.

ಒಳಗೆ ಜಾಗವೇ ಇಲ್ಲದ ಕಾರಿಗೆ ಹೊರಗಿನಿಂದಲೇ ಕೂರಿಸುವ ಚೈನ್‌ಗಳಿವೆ. ದುಬಾರಿ, ಆದರೆ ಹಾಕುವುದು ಸುಲಭ. ಟೈರಿಗೆ ಹಾಕುವ ಬಟ್ಟೆಯ ಗವಸು ಇನ್ನೊಂದು ದಾರಿ. ಹಗುರ, ಚಿಕ್ಕ ಡಿಕ್ಕಿಯಲ್ಲೂ ಹಿಡಿಯುತ್ತದೆ. ಆದರೆ ಹಿಮ ಇಲ್ಲದ ರಸ್ತೆಯಲ್ಲಿ ಬೇಗ ಹರಿಯುತ್ತದೆ, ಕೆಲವು ದೇಶಗಳಲ್ಲಿ ಅದನ್ನು ಚೈನ್ ಎಂದು ಒಪ್ಪುವುದಿಲ್ಲ. ನನ್ನ ಕೇಳಿದರೆ ಕಾನೂನಿಗಾಗಿ ಚೈನ್, ಸಿಕ್ಕಿಬಿದ್ದ ಜಾಗದಿಂದ ಎದ್ದು ಬರಲು ಗವಸು.

ಡ್ರೈವ್ ಇರುವ ಚಕ್ರಕ್ಕೆ ಚೈನ್ ಹಾಕಬೇಕು. ನಾಲ್ಕೂ ಚಕ್ರದ ಡ್ರೈವ್ ಆದರೆ ಕೈಪಿಡಿ ಹೇಳಿದ ಕಡೆ. ಮನೆಯ ಮುಂದೆ ಒಣ ನೆಲದಲ್ಲಿ ಒಮ್ಮೆ ಹಾಕಿ ತೆಗೆಯಿರಿ. ಆಮೇಲೆ ಕೈಗವಸು ತೊಟ್ಟು ಇನ್ನೊಮ್ಮೆ. ಕತ್ತಲಲ್ಲಿ ಮರಗಟ್ಟಿದ ಬೆರಳುಗಳಿಂದ ಕಲಿಯುವ ವಿದ್ಯೆ ಅದಲ್ಲ. ಹಾಕಿ ನೂರಿನ್ನೂರು ಮೀಟರ್ ಹೋಗಿ ನಿಲ್ಲಿಸಿ ಬಿಗಿ ನೋಡಿ. ಸಾಮಾನ್ಯವಾಗಿ 50 ಕಿಲೋಮೀಟರ್ ವೇಗದ ಮಿತಿ ಇರುತ್ತದೆ, ಅದನ್ನು ದಾಟಬೇಡಿ.

ಹಂತ 4: ಎತ್ತರ ಮತ್ತು ಮೈ

ಹಲವು ಸ್ಪೋರ್ಟ್ಸ್ ಕಾರುಗಳ ಹೊಟ್ಟೆ ನೆಲದಿಂದ 10ರಿಂದ 13 ಸೆಂಟಿಮೀಟರ್ ಮೇಲಿರುತ್ತದೆ. ಮುಂದಿನ ತುಟಿ ಇನ್ನೂ ಕೆಳಗೆ. ಹಿಮ ಅದಕ್ಕಿಂತ ಆಳವಾದರೆ ಮುಂಭಾಗ ನೇಗಿಲಿನ ಹಾಗೆ ಹಿಮವನ್ನು ತಳ್ಳತೊಡಗುತ್ತದೆ. ಸ್ವಲ್ಪ ದೂರದಲ್ಲೇ ತಳ್ಳಿದ ಹಿಮ ಹೊಟ್ಟೆಯಡಿ ಒತ್ತಿಕೊಂಡು ಕಾರನ್ನು ಎತ್ತುತ್ತದೆ. ಚಕ್ರದ ಮೇಲಿನ ಭಾರ ಹೋದ ಮೇಲೆ ಯಾವ ಟೈರೂ, ಯಾವ ಡಿಫರೆನ್ಷಿಯಲ್ಲೂ ಏನೂ ಮಾಡಲಾರವು. ಆದ್ದರಿಂದ ಒಂದು ನಿಯಮ ಇಟ್ಟುಕೊಳ್ಳಿ: ತೆರವಾಗದ ಹಿಮ ಅಂಗೈ ಅಗಲ ದಾಟಿದ್ದರೆ ಆ ದಾರಿ ಈ ಕಾರಿಗಲ್ಲ. ಹಿಮ ತೆಗೆಯುವ ಯಂತ್ರ ಹೋಗುವವರೆಗೆ ಕಾಯಿರಿ. ಎದುರು ಬಂದ ಜೀಪಿನವನು ‘ಆರಾಮ್ ಹೋಗಬಹುದು’ ಅಂದರೆ ಅವನ ಗಾಡಿಯ ಎತ್ತರ ನೋಡಿ ನಂಬಿ.

ಆಮೇಲೆ ಹಾಕಿಸಿದ ತಗ್ಗು ಸ್ಪ್ರಿಂಗ್ ಇದ್ದರೆ ತೆಗೆದು ಕಂಪನಿಯ ಸ್ಪ್ರಿಂಗ್ ಹಾಕಿಸಿ. ಎತ್ತರ ಹೊಂದಿಸುವ ಕಾಯಿಲೋವರ್ ಸಸ್ಪೆನ್ಷನ್ ಆದರೆ ಅದರ ಮಿತಿಯೊಳಗೆ ಮೇಲಕ್ಕೆತ್ತಿ, ಅಲೈನ್ಮೆಂಟ್ ಮಾಡಿಸಿ. ಟ್ರ್ಯಾಕಿಗೆಂದು ಹೆಚ್ಚಿಸಿದ ಕ್ಯಾಂಬರ್ (ಚಕ್ರದ ಒಳ ವಾಲು) ಇದ್ದರೆ ಕಂಪನಿಯ ಅಂಕಿಗೆ ವಾಪಸ್ ತನ್ನಿ, ಇಲ್ಲದಿದ್ದರೆ ಟೈರಿನ ಒಳ ಅಂಚು ಮಾತ್ರ ರಸ್ತೆ ಹಿಡಿಯುತ್ತದೆ. ಮುಂಭಾಗ ಎತ್ತುವ ಬಟನ್ ಇದ್ದರೆ ಅದು ಹಿಮದ ದಿಬ್ಬ ದಾಟಲಿಕ್ಕೆ ಮಾತ್ರ. ವೇಗ ಹೆಚ್ಚಿದರೆ ತಾನೇ ಇಳಿದುಬಿಡುತ್ತದೆ.

ಮುಂದಿನ ಬಂಪರಿನಡಿ ಚಾಚಿದ, ಬಿಚ್ಚಬಹುದಾದ ಹೆಚ್ಚುವರಿ ಸ್ಪ್ಲಿಟರ್ ಬಿಚ್ಚಿ ಮನೆಯಲ್ಲಿಡಿ. ಕೆಳಗಿನ ಪ್ಲಾಸ್ಟಿಕ್ ಹೊದಿಕೆಯ ಸ್ಕ್ರೂ, ಕ್ಲಿಪ್ ಎಲ್ಲ ಇದೆಯೇ ನೋಡಿ. ಒಂದು ಸಡಿಲವಿದ್ದರೂ ಹಿಮ ಒಳಗೆ ತುಂಬಿ ಭಾರಕ್ಕೆ ಇಡೀ ಹೊದಿಕೆ ಕಿತ್ತು ಬರುತ್ತದೆ. ಮುಂದಿನ ಬಂಪರ್, ಚಕ್ರದ ಹಿಂದಿನ ಭಾಗ, ಕೆಳ ಅಂಚಿಗೆ ಪಾರದರ್ಶಕ ರಕ್ಷಣಾ ಫಿಲ್ಮ್ ಹಾಕಿಸಿದರೆ ಒಳ್ಳೆಯದು. ಬೆಟ್ಟದ ರಸ್ತೆಗೆ ಉಪ್ಪಿನ ಜೊತೆ ಜಲ್ಲಿಯನ್ನೂ ಚೆಲ್ಲುತ್ತಾರೆ, ಏಕೆಂದರೆ ಸಾಮಾನ್ಯ ಉಪ್ಪು ಮೈನಸ್ 10ರ ಕೆಳಗೆ ಹೆಚ್ಚು ಕೆಲಸ ಮಾಡುವುದಿಲ್ಲ. ಎದುರಿನ ಗಾಡಿ ಆ ಜಲ್ಲಿಯನ್ನು ನಿಮ್ಮ ಗಾಜಿಗೇ ಎಸೆಯುತ್ತದೆ.

ಕಾರನ್ನು ಎಳೆಯುವ ಕೊಂಡಿ ಸಿಕ್ಕಿಸುವ ಜಾಗವನ್ನೂ ಈಗಲೇ ಹುಡುಕಿ. ಆ ಕೊಂಡಿ ಟೂಲ್ ಚೀಲದಲ್ಲಿದೆಯೇ? ಬಂಪರಿನ ಮುಚ್ಚಳ ತೆಗೆದು ಒಮ್ಮೆ ತಿರುಗಿಸಿ ನೋಡಿ, ಕೆಲವು ಕಾರುಗಳಲ್ಲಿ ಅದರ ತಿರುಪು ಎಡಕ್ಕೆ ತಿರುಗುತ್ತದೆ. ಸಿಕ್ಕಿಬಿದ್ದಾಗ ನಿಮ್ಮನ್ನು ಎಳೆಯಲು ಬಂದವರು ಸಸ್ಪೆನ್ಷನ್ ತೋಳಿಗೆ ಹಗ್ಗ ಕಟ್ಟುವ ಸ್ಥಿತಿ ಬರಬಾರದು.

ಹಂತ 5: ಬ್ಯಾಟರಿ

ಮೈನಸ್ 18ರ ಹೊತ್ತಿಗೆ ಮಾಮೂಲಿ ಬ್ಯಾಟರಿಯ ತಾಕತ್ತು ಅರ್ಧದಷ್ಟಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಆಯಿಲ್ ದಪ್ಪವಾಗಿ ಎಂಜಿನ್ ತಿರುಗಿಸಲು ಜಾಸ್ತಿ ಬಲ ಬೇಕು. ವಾರಕ್ಕೊಮ್ಮೆ ಮಾತ್ರ ಓಡುವ ಸ್ಪೋರ್ಟ್ಸ್ ಕಾರಿನ ಬ್ಯಾಟರಿ ಮೊದಲೇ ಅರೆಹೊಟ್ಟೆಯಲ್ಲಿರುತ್ತದೆ. ಒಂದು ರಾತ್ರಿ ನಿಂತ ಮೇಲೆ 12.6 ವೋಲ್ಟ್ ಇದ್ದರೆ ಚಾರ್ಜ್ ತುಂಬಿದೆ. 12.4ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿ, ಲೋಡ್ ಟೆಸ್ಟ್ ಮಾಡಿಸಿ. ಚಾರ್ಜ್ ಇಳಿದ ಬ್ಯಾಟರಿ ಹೆಪ್ಪುಗಟ್ಟುತ್ತದೆ ಎಂಬುದೂ ನೆನಪಿರಲಿ. ತುಂಬಿದ ಬ್ಯಾಟರಿಗೆ ಆ ಭಯವಿಲ್ಲ.

ಹಗುರವಾದ ಲಿಥಿಯಂ ಬ್ಯಾಟರಿ ಇದ್ದರೆ ಇನ್ನೂ ಎಚ್ಚರ. 2010ರಲ್ಲಿ ಪೋರ್ಷೆ ಕಂಪನಿ 911 ಜಿಟಿ3ಗೆ ಲಿಥಿಯಂ ಬ್ಯಾಟರಿ ಕೊಡಲು ಶುರು ಮಾಡಿದಾಗ ಜೊತೆಗೆ ಮಾಮೂಲಿ ಬ್ಯಾಟರಿಯನ್ನೂ ಕೊಡುತ್ತಿತ್ತು. ಸೊನ್ನೆಗಿಂತ ಕೆಳಗೆ ಲಿಥಿಯಂ ಸ್ಟಾರ್ಟ್ ಮಾಡುವ ಬಲ ಕಡಿಮೆ ಎಂಬುದೇ ಕಾರಣ. ಈಗಿನವು ಸುಧಾರಿಸಿವೆ. ಆದರೂ ಸೊನ್ನೆಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜರಿಗೆ ಹಾಕುವ ಮುಂಚೆ ಅದರ ಕೈಪಿಡಿ ಓದಿ.

ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದ್ದು, ಆ ಡಿಕ್ಕಿ ಕರೆಂಟಿನಿಂದ ತೆರೆಯುವ ಕಾರುಗಳಿವೆ. ಬ್ಯಾಟರಿ ಸತ್ತರೆ ಡಿಕ್ಕಿ ತೆರೆಯದು, ಡಿಕ್ಕಿ ತೆರೆಯದೆ ಬ್ಯಾಟರಿ ಸಿಗದು. ಇದಕ್ಕೆ ಫ್ಯೂಸ್ ಬಾಕ್ಸಿನಲ್ಲಿ ತುರ್ತು ಟರ್ಮಿನಲ್ಲೋ, ಎಲ್ಲೋ ಒಂದು ತಂತಿಯೋ ಇಟ್ಟಿರುತ್ತಾರೆ. ಎಲ್ಲಿದೆ ಎಂದು ಮೊದಲೇ ನೋಡಿಡಿ. ಜಂಪ್ ಸ್ಟಾರ್ಟರನ್ನು ಅದೇ ಡಿಕ್ಕಿಯಲ್ಲಿಟ್ಟು ಬೀಗ ಹಾಕಿಕೊಳ್ಳುವವರೂ ಇದ್ದಾರೆ!

ಹಂತ 6: ಆಯಿಲ್, ಕೂಲೆಂಟ್, ವಾಷರ್ ನೀರು

ಆಯಿಲ್ ಡಬ್ಬಿಯ ಮೇಲೆ ಡಬ್ಲ್ಯೂ ಅಕ್ಷರದ ಮುಂಚಿನ ಅಂಕಿ ಚಳಿಯದ್ದು. 0ಡಬ್ಲ್ಯೂ ಆಯಿಲನ್ನು ಮೈನಸ್ 35ರಲ್ಲಿ, 5ಡಬ್ಲ್ಯೂವನ್ನು ಮೈನಸ್ 30ರಲ್ಲಿ, 10ಡಬ್ಲ್ಯೂವನ್ನು ಮೈನಸ್ 25ರಲ್ಲಿ ಪರೀಕ್ಷಿಸಿರುತ್ತಾರೆ. ಅಂಕಿ ಕಡಿಮೆ ಇದ್ದಷ್ಟೂ ಚಳಿಯಲ್ಲಿ ಬೇಗ ಹರಿಯುತ್ತದೆ. ಹಾಗೆಂದು ಕಂಪನಿ ಒಪ್ಪದ ಆಯಿಲ್ ಸುರಿಯಬೇಡಿ. ಕೆಲವು ಹಳೆಯ ಬಿಎಂಡಬ್ಲ್ಯೂ ಎಂ ಎಂಜಿನ್‌ಗಳಿಗೆ 10ಡಬ್ಲ್ಯೂ-60 ಎಂದೇ ಇದೆ. ಅಂಥ ಗಾಡಿಗೆ ಬೆಚ್ಚಗಿನ ಜಾಗದಲ್ಲಿ ನಿಲ್ಲಿಸುವುದು, ಶುರುವಿನಲ್ಲಿ ನಿಧಾನ ಓಡಿಸುವುದು ಇವೇ ಮದ್ದು.

ಎಂಜಿನ್ ಬಿಸಿಯಾಯಿತೇ ಎಂದು ನೋಡಬೇಕಾದ್ದು ನೀರಿನ ಮುಳ್ಳಲ್ಲ, ಆಯಿಲ್ಲಿನ ಮುಳ್ಳು. ಅದು ಸುಮಾರು 80 ಡಿಗ್ರಿ ತಲುಪುವ ತನಕ ಆಕ್ಸಿಲರೇಟರ್ ಅರ್ಧ ದಾಟಿಸಬೇಡಿ. ಗೇರ್‌ಬಾಕ್ಸ್ ಆಯಿಲ್ ಇನ್ನೂ ನಿಧಾನ. ಬೆಳಿಗ್ಗೆ ಎರಡನೇ ಗೇರ್ ಬೀಳಲು ಮೊಂಡು ಮಾಡಿದರೆ ಒತ್ತಬೇಡಿ, ಸ್ವಲ್ಪ ಹೊತ್ತು ಸಹಿಸಿ.

ಕೂಲೆಂಟ್ ಅರ್ಧ, ಶುದ್ಧ ನೀರು ಅರ್ಧ ಸೇರಿಸಿದರೆ ಮೈನಸ್ 37ರ ಆಸುಪಾಸಿನ ತನಕ ಹೆಪ್ಪುಗಟ್ಟುವುದಿಲ್ಲ. ಪೂರ್ತಿ ಕೂಲೆಂಟೇ ಹಾಕಿದರೆ ಇನ್ನೂ ಒಳ್ಳೆಯದಲ್ವಾ? ಅಲ್ಲ. ಬರೀ ಎಥಿಲೀನ್ ಗ್ಲೈಕಾಲ್ ಮೈನಸ್ 13ರ ಹತ್ತಿರವೇ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಬರೀ ನೀರು ಸೇರಿಸಿ ತುಂಬಿಸಿದ್ದಿರಬಹುದು, ಹಾಗಾಗಿ ಮಿಶ್ರಣದ ಪ್ರಮಾಣ ತೋರಿಸುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಅಳೆಸಿ. ಎಂಜಿನ್ ಹಿಂದೆ ಅಥವಾ ನಡುವೆ ಇದ್ದು ರೇಡಿಯೇಟರ್ ಮುಂದಿರುವ ಕಾರಿನಲ್ಲಿ ಪೈಪುಗಳು ಉದ್ದ. ಕೂಲೆಂಟ್ ಬದಲಿಸಿದ ಮೇಲೆ ಒಳಗೆ ಗಾಳಿ ಉಳಿಯದಂತೆ ತುಂಬಿಸಲು ಗೊತ್ತಿರುವ ಕಡೆಯೇ ಕೊಡಿ.

ವಾಷರ್ ಟ್ಯಾಂಕಿಗೆ ಮೈನಸ್ 20ಕ್ಕೂ ತಡೆಯುವ ದ್ರವ ಹಾಕಿ. ಹಾಕಿದ ಮೇಲೆ ಒಂದೆರಡು ಸಲ ಚಿಮ್ಮಿಸಿ, ಪೈಪಿನಲ್ಲಿ ಹಳೆಯ ನೀರು ಉಳಿದಿರುತ್ತದೆ. ವೈಪರ್ ಬ್ಲೇಡ್ ಹೊಸದಿರಲಿ.

ಹಂತ 7: ಬ್ರೇಕ್

ಟ್ರ್ಯಾಕಿನ ಪ್ಯಾಡ್ ಇದ್ದರೆ ತೆಗೆಸಿ. ಅವು ಬಿಸಿಯಾದರೆ ಮಾತ್ರ ಹಿಡಿಯುತ್ತವೆ, ಹಿಮದಲ್ಲಿ ಬಿಸಿಯಾಗುವಷ್ಟು ಬ್ರೇಕ್ ಹಾಕುವುದೇ ಇಲ್ಲ. ಕಾರ್ಬನ್ ಸೆರಾಮಿಕ್ ಡಿಸ್ಕ್ ತುಕ್ಕು ಹಿಡಿಯುವುದಿಲ್ಲ, ಉಪ್ಪಿನ ರಸ್ತೆಗೆ ಅದು ವರವೇ. ಆದರೆ ಒದ್ದೆಯಾಗಿ ತಣ್ಣಗಿದ್ದಾಗ ಮೊದಲ ಒತ್ತಿಗೆ ತಡವಾಗಿ ಹಿಡಿಯಬಹುದು. ಬಹಳ ಹೊತ್ತು ಬ್ರೇಕ್ ಮುಟ್ಟದೆ ಓಡಿಸಿದ್ದರೆ ಹಿಂದೆ ಯಾರೂ ಇಲ್ಲದಾಗ ಮೆತ್ತಗೆ ಒಮ್ಮೆ ಒತ್ತಿ ಒಣಗಿಸಿ. ಇಂಥ ಡಿಸ್ಕಿನ ಚಕ್ರ ಬಿಚ್ಚುವಾಗ ರಿಮ್ ತಾಗಿ ಅಂಚು ಚಕ್ಕೆ ಏಳದಂತೆ ಚಕ್ರವನ್ನು ನೆಟ್ಟಗೆ ಜಾರಿಸಿ ತೆಗೆಯಲು ಬೋಲ್ಟಿನ ಜಾಗಕ್ಕೆ ಹಾಕುವ ಉದ್ದನೆಯ ಪಿನ್ ಬಳಸಿ. ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷವಾಗಿದ್ದರೆ ಬದಲಿಸಿ, ಉದ್ದನೆಯ ಇಳಿಜಾರು ಕಾದಿದೆ.

ಬಾಗಿಲು, ಗಾಜು, ಟಾಪ್

ಸ್ಪೋರ್ಟ್ಸ್ ಕಾರಿನ ಬಾಗಿಲಿಗೆ ಸಾಮಾನ್ಯವಾಗಿ ಗಾಜಿನ ಸುತ್ತ ಚೌಕಟ್ಟು ಇರುವುದಿಲ್ಲ. ಹಿಡಿ ಎಳೆದಾಗ ಗಾಜು ಒಂದಿಷ್ಟು ಕೆಳಗಿಳಿದು ಬಾಗಿಲು ತೆರೆಯುತ್ತದೆ. ರಬ್ಬರಿಗೆ ಗಾಜು ಹೆಪ್ಪುಗಟ್ಟಿ ಅಂಟಿದ್ದರೆ ಇಳಿಯುವುದಿಲ್ಲ. ಆಗ ಜೋರಾಗಿ ಎಳೆದರೆ ರಬ್ಬರ್ ಹರಿಯುತ್ತದೆ, ಇಲ್ಲವೇ ಗಾಜಿನ ಮೋಟಾರ್ ಕೆಡುತ್ತದೆ. ಹೊರಡುವ ಮುಂಚೆ ಎಲ್ಲ ರಬ್ಬರ್ ಒರೆಸಿ ಒಣಗಿಸಿ ಸಿಲಿಕೋನ್ ಹಚ್ಚಿ, ಪ್ರತಿ ಎರಡು ವಾರಕ್ಕೊಮ್ಮೆ ಮತ್ತೆ ಹಚ್ಚಿ. ಆದರೂ ಅಂಟಿದರೆ ಬಾಗಿಲನ್ನು ಒಳಕ್ಕೆ ಒತ್ತಿ ಮಂಜುಗಡ್ಡೆ ಬಿರಿಯುವಂತೆ ಮಾಡಿ, ಆಮೇಲೆ ಎಳೆಯಿರಿ. ಬಿಸಿನೀರು ಸುರಿದರೆ ಗಾಜು ಸೀಳುತ್ತದೆ.

ತೆರೆಯುವ ಟಾಪ್ ಇದ್ದರೆ ಹೆಪ್ಪುಗಟ್ಟಿದಾಗ ಮುಟ್ಟಬೇಡಿ. ಪ್ಲಾಸ್ಟಿಕ್ ಹಿಂಗಾಜು ಚಳಿಗೆ ಬಿರುಸಾಗಿ ಒಡೆಯುತ್ತದೆ. ತಾನಾಗಿ ಏಳುವ ಸ್ಪಾಯ್ಲರಿನ ಮೇಲೆ ಮಂಜುಗಡ್ಡೆ ಇದ್ದರೆ ಬಟನ್ ಒತ್ತುವ ಮುಂಚೆ ಬಿಡಿಸಿ. ಎಲ್‌ಇಡಿ ಹೆಡ್‌ಲೈಟ್ ಹಳೆಯ ಬಲ್ಬಿನಷ್ಟು ಬಿಸಿಯಾಗುವುದಿಲ್ಲ, ಮೇಲಿನ ಹಿಮ ತಾನೇ ಕರಗದು, ನಿಂತಾಗಲೆಲ್ಲ ಒರೆಸಿ. ಬಂಪರಿನ ರೇಡಾರ್ ಮುಚ್ಚಿಹೋದರೆ ತಾನಾಗಿ ಬ್ರೇಕ್ ಹಾಕುವ ಸೌಕರ್ಯ ಇರುವುದಿಲ್ಲ.

ಡಿಕ್ಕಿಯಲ್ಲಿ ಏನಿರಬೇಕು

ಜಾಗ ಕಡಿಮೆ, ಆದ್ದರಿಂದ ಆಯ್ದು ಇಡಿ. ಮಡಚುವ ಸಲಿಕೆ, ಚೈನ್, ಎಳೆಯುವ ಹಗ್ಗ, ಚಕ್ರದಡಿ ಹಾಸುವ ಮ್ಯಾಟ್, ಜಂಪ್ ಸ್ಟಾರ್ಟರ್, ತಲೆಗೆ ಕಟ್ಟುವ ಟಾರ್ಚ್, ಕಂಬಳಿ, ಕುಡಿಯುವ ನೀರು, ತಿನ್ನಲು ಒಂದಿಷ್ಟು, ಒದ್ದೆಯಾಗದ ಕೈಗವಸು. ಸಲಿಕೆ ಮತ್ತು ಸ್ಟಾರ್ಟರ್ ಸೀಟಿನ ಹಿಂದಿರಲಿ. ಈ ಕಾರುಗಳಲ್ಲಿ ಸ್ಟೆಪ್ನಿ ಸಾಮಾನ್ಯವಾಗಿ ಇರುವುದಿಲ್ಲ, ಪಂಕ್ಚರ್ ಮುಚ್ಚುವ ದ್ರವದ ಬಾಟಲಿ ಇರುತ್ತದೆ. ಅದರ ಅವಧಿ ನೋಡಿ, ಬೆಚ್ಚಗಿರುವ ಕಡೆ ಇಡಿ. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಬಿಡಬೇಡಿ. ದಾರಿ ಮುಚ್ಚಿ ಗಂಟೆಗಟ್ಟಲೆ ನಿಂತರೆ ಹೀಟರ್ ಓಡಬೇಕಲ್ಲ. ಆಗ ಆಗಾಗ ಇಳಿದು ಸೈಲೆನ್ಸರ್ ಪೈಪಿನ ಸುತ್ತಲ ಹಿಮ ತೆಗೆಯಿರಿ. ಈ ಕಾರುಗಳ ಪೈಪ್ ತಗ್ಗಿನಲ್ಲಿರುತ್ತದೆ. ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ವಾಸನೆಯಿಲ್ಲದ ವಿಷ ಅದು.

ಹಂತ 8: ಓಡಿಸುವುದು

ಒಣ ಡಾಂಬರಿನಲ್ಲಿ 50 ಕಿಲೋಮೀಟರ್ ವೇಗದಿಂದ ನಿಲ್ಲಲು ಬ್ರೇಕ್ ಹಿಡಿದ ಮೇಲೆ ಸುಮಾರು 12 ಮೀಟರ್ ಬೇಕು. ಒತ್ತಿ ಗಟ್ಟಿಯಾದ ಹಿಮದ ಮೇಲೆ ಸುಮಾರು 40 ಮೀಟರ್. ಬರೀ ಮಂಜುಗಡ್ಡೆಯ ಮೇಲೆ ನೂರರ ಹತ್ತಿರ. ವೇಗ 30ಕ್ಕೆ ಇಳಿಸಿದರೆ ಅದೇ ಗಟ್ಟಿ ಹಿಮದ ಮೇಲೆ 14 ಮೀಟರಿನಲ್ಲಿ ನಿಲ್ಲುತ್ತೀರಿ. ವೇಗ ಸ್ವಲ್ಪ ಇಳಿದರೂ ಲಾಭ ದೊಡ್ಡದು.

ಯಾವ ಚಕ್ರಕ್ಕೆ ಡ್ರೈವ್, ಎಂಜಿನ್ ಎಲ್ಲಿ ಎಂಬುದರ ಮೇಲೆ ಕಾರಿನ ಸ್ವಭಾವ ಬದಲಾಗುತ್ತದೆ. ಪೋರ್ಷೆ 911ರಲ್ಲಿ ಭಾರದ ಶೇಕಡಾ 60ಕ್ಕಿಂತ ಹೆಚ್ಚು ಹಿಂದಿನ ಚಕ್ರದ ಮೇಲಿದೆ, ಹಾಗಾಗಿ ಏರು ಸುಲಭವಾಗಿ ಹತ್ತುತ್ತದೆ. ಆದರೆ ಮುಂಭಾಗ ಹಗುರ, ಇಳಿಯುವಾಗ ತಿರುವಿನಲ್ಲಿ ನೆಟ್ಟಗೆ ಜಾರುವ ಚಾಳಿ. ಮುಂದೆ ಎಂಜಿನ್, ಹಿಂದೆ ಡ್ರೈವ್ ಇರುವ ಕಾರಿನಲ್ಲಿ ಏರಿನಲ್ಲೇ ಹಿಂದಿನ ಚಕ್ರ ಸುಳಿಯುತ್ತದೆ. ನಾಲ್ಕೂ ಚಕ್ರದ ಡ್ರೈವ್ ಇದ್ದರೆ ಹೊರಡುವುದು ಸುಲಭ, ನಿಲ್ಲುವುದು ಅಲ್ಲ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರದಲ್ಲೇ ಇದೆ. ಈ ಮಾತನ್ನು ಮರೆಯುವವರೇ ಇಳಿಜಾರಿನಲ್ಲಿ ಗುಂಡಿಗೆ ಇಳಿಯುವುದು.

ಸ್ನೋ ಅಥವಾ ವೆಟ್ ಮೋಡ್ ಹಾಕಿ, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಮೆತ್ತಗಿನ ಸ್ಥಾನಕ್ಕೆ ತನ್ನಿ. ಎರಡನೇ ಗೇರಿನಲ್ಲಿ ಹೊರಡಿ. ಟರ್ಬೊ ಎಂಜಿನ್ ಆದರೆ ಒಂದು ಗೇರ್ ಮೇಲೆಯೇ ಇರಿ, ಬಲ ದಿಢೀರ್ ಎಂದು ಬರುವುದು ತಪ್ಪುತ್ತದೆ. ಹಿಂದಿನ ಡ್ರೈವ್ ಕಾರಿನಲ್ಲಿ ಇಳಿಯುವಾಗ ಕೆಳಗಿನ ಗೇರ್ ಹಾಕಿ ಕ್ಲಚ್ ಧಡಕ್ಕನೆ ಬಿಟ್ಟರೆ ಹಿಂದಿನ ಚಕ್ರ ಹಿಡಿದುಕೊಂಡು ಕಾರು ತಿರುಗಿಬಿಡುತ್ತದೆ. ಗೇರ್ ಇಳಿಸುವುದನ್ನು ತಿರುವಿಗೆ ಮುಂಚೆ, ನೆಟ್ಟಗಿನ ಜಾಗದಲ್ಲಿ ಮುಗಿಸಿ. ತಿರುವಿನ ನಡುವೆ ಆಕ್ಸಿಲರೇಟರ್ ಪಟ್ಟನೆ ಬಿಡುವುದೂ ಅದೇ ಪರಿಣಾಮ ಕೊಡುತ್ತದೆ.

ಏರಿನಲ್ಲಿ ಮುಂದಿನ ಗಾಡಿ ಪೂರ್ತಿ ಹತ್ತುವ ತನಕ ಕೆಳಗೆ ಕಾದು ನಂತರ ಹೊರಡಿ, ಮಧ್ಯದಲ್ಲಿ ನಿಂತರೆ ಮತ್ತೆ ಹೊರಡುವುದು ಕಷ್ಟ. ಬೆಟ್ಟದ ನೆರಳಿರುವ ತಿರುವು, ಸೇತುವೆ, ಮಧ್ಯಾಹ್ನ ಕರಗಿ ಸಂಜೆ ಮತ್ತೆ ಗಟ್ಟಿಯಾಗುವ ಜಾಗ, ಇವುಗಳಲ್ಲಿ ಕಣ್ಣಿಗೆ ಕಾಣದ ಮಂಜುಗಡ್ಡೆ ಇರುತ್ತದೆ. ಸಿಕ್ಕಿಬಿದ್ದರೆ ಸ್ಟೆಬಿಲಿಟಿ ಕಂಟ್ರೋಲನ್ನು ಸ್ವಲ್ಪ ಹೊತ್ತು ಆಫ್ ಮಾಡಿ. ಅದು ಎಂಜಿನ್ ಬಲ ಕತ್ತರಿಸುತ್ತಲೇ ಇರುತ್ತದೆ, ಆಗ ಚಕ್ರ ಸ್ವಲ್ಪವಾದರೂ ಸುತ್ತಬೇಕು. ಹೊರಬಂದ ತಕ್ಷಣ ಮತ್ತೆ ಆನ್ ಮಾಡಿ. ದಾರಿಯಲ್ಲಿ ಸ್ಟೀರಿಂಗ್ ನಡುಗಲು ಶುರುವಾದರೆ ಹೆದರಬೇಡಿ, ರಿಮ್ಮಿನ ಒಳಗೆ ಹಿಮ ಕಟ್ಟಿಕೊಂಡು ಬ್ಯಾಲೆನ್ಸ್ ತಪ್ಪಿರುತ್ತದೆ. ನಿಲ್ಲಿಸಿ ಕೆರೆದು ತೆಗೆಯಿರಿ.

ನಿಲ್ಲಿಸುವಾಗ, ಮರಳಿದ ಮೇಲೆ

ರಾತ್ರಿ ನಿಲ್ಲಿಸುವ ಮುಂಚಿನ ಕೊನೆಯ ನೂರು ಮೀಟರಿನಲ್ಲಿ ಬ್ರೇಕ್ ಮೆತ್ತಗೆ ಒತ್ತಿ ಒಣಗಿಸಿ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಬದಲು ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ತಾನಾಗಿ ಬೀಳುವ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕನ್ನು ಆಫ್ ಮಾಡುವ ವಿಧಾನ ಕೈಪಿಡಿಯಲ್ಲಿರುತ್ತದೆ. ಹಿಂದಕ್ಕೆ ತೆಗೆದು ಹಿಮದ ದಿಬ್ಬಕ್ಕೆ ತಾಗಿಸಿ ನಿಲ್ಲಿಸಬೇಡಿ, ಹಿಂದಿನ ಬಂಪರಿನಡಿಯ ಡಿಫ್ಯೂಸರ್ ಒಡೆಯುತ್ತದೆ, ಸೈಲೆನ್ಸರ್ ಪೈಪೂ ಮುಚ್ಚುತ್ತದೆ.

ಕೆಳಗೆ ಬಂದ ಮೇಲೆ ಮೊದಲ ಕೆಲಸ ಕಾರಿನ ಹೊಟ್ಟೆ ತೊಳೆಸುವುದು. ಚಕ್ರದ ಗೂಡು, ರೇಡಿಯೇಟರ್ ಮುಂದಿನ ಸಂದಿ, ಬ್ರೇಕಿಗೆ ಗಾಳಿ ಹೋಗುವ ದಾರಿ ಇವೆಲ್ಲಕ್ಕೂ ನೀರು ಹೋಗಬೇಕು. ಅಲ್ಯೂಮಿನಿಯಂ ಭಾಗಕ್ಕೆ ಉಕ್ಕಿನ ಬೋಲ್ಟ್ ಸೇರುವ ಕಡೆ ಉಪ್ಪು ನೀರು ಉಳಿದರೆ ಸವೆತ ಶುರುವಾಗುತ್ತದೆ. ತೊಳೆದ ಕಾರನ್ನು ಹೊರಗೆ ಕೊರೆಯುವ ಚಳಿಯಲ್ಲಿ ಬಿಡದೆ ಸ್ವಲ್ಪ ದೂರ ಓಡಿಸಿ ಒಣಗಿಸಿ. ಚಳಿಗಾಲ ಮುಗಿದು ಹವೆ 7 ಡಿಗ್ರಿಗಿಂತ ಮೇಲೆ ನಿಂತ ಮೇಲೆ ಬೇಸಿಗೆಯ ಟೈರಿಗೆ ಮರಳಿ. ಬಿಚ್ಚಿದ ಚಕ್ರಗಳನ್ನು ಒಳಬದಿಯವರೆಗೂ ತೊಳೆದು, ಯಾವುದು ಎಡ ಯಾವುದು ಬಲ ಎಂದು ಸೀಮೆಸುಣ್ಣದಲ್ಲಿ ಬರೆದು, ಬಿಸಿಲು ಬೀಳದ ಒಣ ಜಾಗದಲ್ಲಿಡಿ.